ಗ್ರನಾಡಾಗೆ ಸ್ಪ್ಯಾನಿಷ್ ಕಲಿಯೋಕೆ: ಇಲ್ಲೇ ಸ್ವಲ್ಪ ಕಲಿತು ಹೋಗಬೇಕಾ, ಅಲ್ಲೇ ಹೋಗಿ ಕಲಿಯಬೇಕಾ?

ಗಾಂಧಿಬಜಾರ್_ಹುಡುಗಿ

ಎಲ್ಲರಿಗೂ ನಮಸ್ಕಾರ. ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸ. ನಮ್ಮ ಟೀಮ್‌ನಲ್ಲಿ ಸ್ಪ್ಯಾನಿಷ್ ಬರುವವರ ಸಂಬಳವೇ ಬೇರೆ, ಅದನ್ನು ನೋಡಿ ನೋಡಿ ಹುಟ್ಟಿದ ಆಸೆ ಇದು. ಕೆಲಸ ಬಿಟ್ಟು ಸ್ಪೇನ್‌ನ ಗ್ರನಾಡಾದಲ್ಲಿ ಒಂಬತ್ತು ತಿಂಗಳ ಕೋರ್ಸ್ ಸೇರಬೇಕು ಅಂತಿದ್ದೀನಿ. ಸದ್ಯಕ್ಕೆ ಎ1, ಅಂದರೆ ಮೊದಲ ಹಂತ, ಮುಗಿದಿದೆ, ವೀಕೆಂಡ್ ಕ್ಲಾಸ್‌ನಲ್ಲಿ. ಇಲ್ಲಿ ಕಲಿಯೋದು ದಂಡ, ಅಲ್ಲಿಗೆ ಹೋದರೆ ಎರಡು ಮೂರು ತಿಂಗಳಲ್ಲಿ ತಾನಾಗೇ ಬರುತ್ತೆ ಅಂತ ಫ್ರೆಂಡ್ಸ್ ಹೇಳ್ತಾರೆ. ನಿಜಾನಾ? ಇನ್ನೊಂದು ವಿಷಯ, ನಾನು ಮೊಟ್ಟೆನೂ ತಿನ್ನಲ್ಲ. ಅಮ್ಮನಿಗೆ ಅದೊಂದೇ ಚಿಂತೆ, ವೀಸಾ ಗೀಸಾ ಎಲ್ಲ ಆಮೇಲೆ.

ಅರೆಬರೆ_ಸ್ಪ್ಯಾನಿಷ್

ತಾನಾಗೇ ಏನೂ ಬರಲ್ಲ. ನಾನು ವಲೆನ್ಸಿಯಾದಲ್ಲಿ ಇದ್ದು ಬಂದವನು, ಹಾಗಾಗಿ ಉದ್ದ ಬರೀತೀನಿ, ಬೇಜಾರಾಗಬೇಡಿ.

ಮೊದಲ ತಿಂಗಳು ನಿಮಗೆ ಭಾಷೆ ಬೇಕಾಗೋದು ಕ್ಲಾಸ್‌ರೂಮಿನಲ್ಲಿ ಅಲ್ಲ, ರೂಮಿನ ಓನರ್ ಹತ್ತಿರ ಮತ್ತು ಆಫೀಸ್ ಕೌಂಟರ್‌ಗಳಲ್ಲಿ. ಒಂಬತ್ತು ತಿಂಗಳು ಅಂದರೆ ಆರು ತಿಂಗಳಿಗಿಂತ ಜಾಸ್ತಿ, ಅಲ್ವಾ? ಹಾಗಾದರೆ ಹೋದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಅದಕ್ಕೆ ಟಿಐಇ ಅಂತಾರೆ. ಇಎಕ್ಸ್-17 ಅನ್ನೋ ಫಾರಂ, 790-012 ಅನ್ನೋ ಚಲನ್, ಫೋಟೋ, ಆಮೇಲೆ ಪೊಲೀಸ್ ಆಫೀಸಿನಲ್ಲಿ ಬೆರಳಚ್ಚು. ಅಲ್ಲಿಗೆ ಸುಮ್ನೆ ಹೋಗಿ ಕ್ಯೂ ನಿಲ್ಲೋ ಹಾಗಿಲ್ಲ, ಆನ್‌ಲೈನ್‌ನಲ್ಲಿ ಅಪಾಯಿಂಟ್‌ಮೆಂಟ್ ತಗೋಬೇಕು. ತತ್ಕಾಲ್ ಟಿಕೆಟ್ ಬುಕ್ ಮಾಡಿ ಅಭ್ಯಾಸ ಇದ್ದರೆ ನಿಮಗೆ ಈ ಆಟ ಗೊತ್ತು.

ಇದಕ್ಕೂ ಮುಂಚೆ ಇನ್ನೊಂದು ಕೆಲಸ ಇದೆ, ಪಾದ್ರೋನ್. ನೀವು ಈ ವಿಳಾಸದಲ್ಲಿ ವಾಸ ಇದ್ದೀರಿ ಅಂತ ನಗರಸಭೆಯಲ್ಲಿ ಹೆಸರು ಬರೆಸೋದು. ಅದಕ್ಕೆ ಬಾಡಿಗೆ ಕರಾರು ಬೇಕು, ಇಲ್ಲಾಂದ್ರೆ ಓನರ್ ಒಪ್ಪಿಗೆ ಬರೆದುಕೊಡಬೇಕು. ಲೆಕ್ಕಕ್ಕೆ ತೋರಿಸದೆ ರೂಮ್ ಬಾಡಿಗೆಗೆ ಕೊಡೋ ಓನರ್‌ಗಳು ಇಲ್ಲೇ ಕೈ ಎತ್ತೋದು. ಆದ್ದರಿಂದ ರೂಮ್ ನೋಡುವಾಗ ಬಾಡಿಗೆ ಎಷ್ಟು ಅಂತ ಕೇಳೋಕೆ ಮುಂಚೆ ‘ಮೆ ಪ್ವೆದೋ ಎಂಪಾದ್ರೋನಾರ್?’ ಅಂತ ಕೇಳಿ. ಇಲ್ಲಿ ಹೆಸರು ಬರೆಸಬಹುದಾ ಅಂತ ಅರ್ಥ. ‘ನೋ’ ಅಂದರೆ ಬಾಲ್ಕನಿ ಎಷ್ಟೇ ಚೆನ್ನಾಗಿರಲಿ, ಮುಂದಿನ ಮನೆ ನೋಡಿ. ಬೆಂಗಳೂರಲ್ಲಿ ಕೂತು, ಬರೀ ಫೋಟೋ ನೋಡಿ ಅಡ್ವಾನ್ಸ್ ಮಾತ್ರ ಕಳಿಸಬೇಡಿ. ಮೊದಲ ಎರಡು ವಾರ ಸ್ಕೂಲಿನವರು ಗೊತ್ತು ಮಾಡೋ ಮನೆಯಲ್ಲಿದ್ದು, ಕಾಲಿಗೆ ಚಪ್ಪಲಿ ಹಾಕಿಕೊಂಡು ನಡೆದು ಹುಡುಕಿ.

ಇಷ್ಟನ್ನೆಲ್ಲ ಎ1ನಲ್ಲಿ ಮಾತಾಡಿ ಮುಗಿಸೋದು ಕಷ್ಟ. ಮುಂದಿನ ಹಂತ ಎ2 ಇಲ್ಲೇ ಮುಗಿಸಿ ಹೋಗಿ. ಬೆಂಗಳೂರಲ್ಲಿ ಸಿಗೋ ಅದೇ ಪಾಠಕ್ಕೆ ಅಲ್ಲಿ ಯೂರೋ ಯಾಕೆ ಸುರಿಯಬೇಕು?

ಮಲ್ಲೇಶ್ವರದ_ಮೇಡಂ

ನಾನು ಸ್ಪ್ಯಾನಿಷ್ ಪಾಠ ಹೇಳುವವಳು. ನನಗೇ ನಷ್ಟವಾದರೂ ಹೇಳ್ತೀನಿ, ಎ2 ಪರೀಕ್ಷೆ ಪಾಸಾಗಲಿ ಅಂತ ಕಾಯುತ್ತಾ ಇಲ್ಲೇ ಇರಬೇಡಿ. ಪಾಠ ಮುಗಿಸಿ, ಪರೀಕ್ಷೆ ದುಡ್ಡು ಉಳಿಸಿ. ಇಲ್ಲಿನ ಕಂಪನಿಗಳು ಸಾಮಾನ್ಯವಾಗಿ ಕೇಳೋದು ಬಿ2, ಅಂದರೆ ನಾಲ್ಕನೇ ಹಂತ. ಅದನ್ನು ಅಲ್ಲಿಂದಲೇ ಬರೆದು ಬನ್ನಿ. ಅದಕ್ಕೆ ಡೆಲೆ, ಸಿಯೆಲೆ ಅಂತ ಎರಡು ಪರೀಕ್ಷೆ ಇವೆ. ಡೆಲೆ ಸರ್ಟಿಫಿಕೇಟ್‌ಗೆ ಅವಧಿ ಮುಗಿಯೋದು ಅಂತಿಲ್ಲ, ಆದರೆ ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಸಿಯೆಲೆ ಫಲಿತಾಂಶ ಬೇಗ ಬರುತ್ತೆ, ಆದರೆ ಸರ್ಟಿಫಿಕೇಟ್ ಐದು ವರ್ಷ ಮಾತ್ರ ನಡೆಯುತ್ತೆ. ಬಂದ ತಕ್ಷಣ ಕೆಲಸ ಹುಡುಕೋದಾದರೆ ಎರಡನೆಯದು ಸಾಕು.

ಇನ್ನು ಯೂಟ್ಯೂಬ್ ವೀಡಿಯೋ ನೋಡಿ ವೀಸಾ ಲೆಕ್ಕ ಹಾಕಬೇಡಿ. 2025ರ ಮೇ 20ರಿಂದ ಸ್ಪೇನ್‌ನಲ್ಲಿ ವಿದೇಶಿಯರ ನಿಯಮಾವಳಿಯೇ ಹೊಸದು. ಹಳೇ ವೀಡಿಯೋದಲ್ಲಿ ಓದುತ್ತಾ ವಾರಕ್ಕೆ 30 ಗಂಟೆ ಕೆಲಸ ಮಾಡಬಹುದು ಅಂತ ಕುಣೀತಾರಲ್ಲ, ಬರೀ ಭಾಷಾ ಕೋರ್ಸ್‌ಗೆ ಹೋಗುವವರು ಅದನ್ನು ನಂಬಿಕೊಂಡು ಹೊರಡಬಾರದು. ಪೂರ್ತಿ ಖರ್ಚು ಕೈಯಲ್ಲಿಟ್ಟುಕೊಂಡೇ ಹೋಗಿ. ತಿಂಗಳಿಗೆ 600 ಯೂರೋ ಅನ್ನೋದು ವೀಸಾಗೆ ತೋರಿಸೋ ಲೆಕ್ಕ, ಬದುಕೋ ಲೆಕ್ಕ ಅಲ್ಲ.

ಗ್ರನಾಡಾ_ಗೌಡ

ಈಗ ಗ್ರನಾಡಾದಲ್ಲೇ ಇದ್ದೀನಿ. ಊರಿನ ಬಗ್ಗೆ ಯಾರೂ ಹೇಳಲಿಲ್ಲ ನೋಡಿ. ಇಲ್ಲಿನವರು ಪದದ ಕೊನೆಯ ‘ಸ್’ ನುಂಗಿಬಿಡ್ತಾರೆ. ಪುಸ್ತಕದ ‘ಮಾಸ್ ಓ ಮೆನೋಸ್’ (ಹೆಚ್ಚು ಕಡಿಮೆ) ಇಲ್ಲಿ ‘ಮಾ ಓ ಮೆನೋ’. ಮೊದಲಿಗೆ ತಲೆ ಕೆಡುತ್ತೆ, ಆಮೇಲೆ ಕಿವಿ ಹೊಂದಿಕೊಳ್ಳುತ್ತೆ. ಅದು ಬೇಡ ಅಂದರೆ ಸಲಮಾಂಕಾ ಅನ್ನೋ ಊರು ನೋಡಿ. ಬಾರ್ಸಿಲೋನಾದಲ್ಲಿ ಬೋರ್ಡಿಂದ ಹಿಡಿದು ಸ್ಕೂಲಿನ ತನಕ ಕತಲಾನ್ ಅನ್ನೋ ಬೇರೆ ಭಾಷೆ ಕೂಡ ಇರುತ್ತೆ, ಭಾಷೆ ಕಲಿಯೋಕೆ ಅಂತಲೇ ಬರುವವರಿಗೆ ನಾನು ಅದನ್ನು ಹೇಳಲ್ಲ.

ಊಟ. ಇಲ್ಲಿ ಡ್ರಿಂಕ್ ತಗೊಂಡರೆ ತಾಪಾ ಅಂತ ತಿನ್ನೋಕೆ ಫ್ರೀಯಾಗಿ ಕೊಡ್ತಾರೆ, ಜ್ಯೂಸ್ ಕೇಳಿದರೂ ಕೆಲವು ಕಡೆ ಬರುತ್ತೆ, ಆದರೆ ಪ್ಲೇಟ್ ಮೇಲೆ ಹಂದಿ ಮಾಂಸ ಇರೋ ಸಾಧ್ಯತೆನೇ ಜಾಸ್ತಿ. ವೆಜಿಟೇರಿಯನ್ ಅಂದರೆ ಸಾಲದು. ‘ನಿ ಹಮೋನ್, ನಿ ಅತೂನ್, ನಿ ವೆವೋ’ ಅಂತ ಬಿಡಿಸಿ ಹೇಳಿ, ಹಂದಿ ಮಾಂಸದ ಹ್ಯಾಮ್, ಟ್ಯೂನಾ ಮೀನು, ಮೊಟ್ಟೆ ಮೂರೂ ಬೇಡ ಅಂತ. ಎನ್ಸಲಾದಾ ಮಿಸ್ತಾ ಅನ್ನೋ ಸಲಾಡ್‌ನಲ್ಲಿ ಸಾಮಾನ್ಯವಾಗಿ ಟ್ಯೂನಾ ಮೀನು ಹಾಕಿರ್ತಾರೆ. ಬೇಳೆ ಸಾರಿನ ಥರ ಕಾಣೋ ಲೆಂತೇಹಾಸ್‌ನಲ್ಲಿ ಚೋರಿಸೋ ತುಂಡು ತೇಲುತ್ತೆ, ಅದೂ ಹಂದಿನೇ. ಮನೇಲಿ ಅಡುಗೆ ಮಾಡಿಕೊಳ್ಳೋದೇ ವಾಸಿ. ಕಡಲೆಕಾಳು, ಮಸೂರ, ಅಕ್ಕಿ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತೆ. ಸಾರಿನ ಪುಡಿ, ಹುಣಸೆಹಣ್ಣು, ಇಂಗು ತನ್ನಿ. ತುಪ್ಪದ ಡಬ್ಬಿ ತರಬೇಡಿ, ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ. ಇಲ್ಲಿ ಬೆಣ್ಣೆ ಸಿಗುತ್ತೆ, ಕಾಯಿಸಿಕೊಳ್ಳಿ.

ಗಾಂಧಿಬಜಾರ್_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ ಹೇಳಿದ ಹಾಗೆ ಎ2 ಪಾಠ ಮುಗಿಸ್ತೀನಿ, ಪರೀಕ್ಷೆ ಬಿಡ್ತೀನಿ. ಗೌಡ್ರೇ, ಅಮ್ಮ ಆಗಲೇ ಅಲ್ಯೂಮಿನಿಯಂ ಕುಕ್ಕರ್ ತೆಗೆದಿಟ್ಟಿದ್ದಾರೆ. ತರಲಾ?

ಗ್ರನಾಡಾ_ಗೌಡ

ಬೇಡ. ಬಾಡಿಗೆ ಮನೆಗಳಲ್ಲಿ ಇಂಡಕ್ಷನ್ ಇದ್ದರೆ ಬರೀ ಅಲ್ಯೂಮಿನಿಯಂ ಬಿಸಿಯೇ ಆಗಲ್ಲ. ಇಲ್ಲಿನವರೂ ಕಾಳು ಬೇಯಿಸೋದು ಕುಕ್ಕರ್‌ನಲ್ಲೇ, ಅಂಗಡಿಯಲ್ಲಿ ‘ಓಯಾ ಎಕ್ಸ್‌ಪ್ರೆಸ್’ ಅಂತ ಕೇಳಿ. ಅಮ್ಮನಿಗೆ ಇನ್ನೊಂದು ಹೇಳಿಬಿಡಿ, ಇಲ್ಲಿ ರಾತ್ರಿ 9ಕ್ಕೆ ಊಟ ಶುರುವಾಗೋ ಹೊತ್ತಿಗೆ ಅಲ್ಲಿ ನಡುರಾತ್ರಿ ದಾಟಿರುತ್ತೆ, ಊಟ ಆಯ್ತಾ ಅಂತ ಕೇಳೋ ಫೋನ್ ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಲಿ.

ಅರೆಬರೆ_ಸ್ಪ್ಯಾನಿಷ್

ಕುಕ್ಕರ್ ಆಮೇಲೆ, ಮೊದಲು ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್ ತಗೊಳ್ಳಿ. ಆರು ತಿಂಗಳು ದಾಟೋ ವೀಸಾಗೆ ಅದು ಬೇಕು, ಅದಕ್ಕೆ ಅಪೋಸ್ಟಿಲ್ ಮುದ್ರೆ (ದಾಖಲೆ ಹೊರದೇಶದಲ್ಲೂ ನಡೆಯೋ ಹಾಗೆ ಸರ್ಕಾರ ಹಾಕೋ ದೃಢೀಕರಣ), ಅದರ ಮೇಲೆ ಸ್ಪ್ಯಾನಿಷ್ ಅನುವಾದ. ಎಲ್ಲ ಒಂದರ ಹಿಂದೆ ಒಂದು ಆಗಬೇಕಾದ ಕೆಲಸ, ಈ ವಾರವೇ ಶುರು ಮಾಡಿ.