ಐದು ತಿಂಗಳ ಮಗುವಿಗೆ ಬಿಡದ ಜ್ವರ, ಕೆಂಪಾದ ಬಿಸಿಜಿ ಗುರುತು: ವೈದ್ಯರಿಗೆ ಹೇಳಬೇಕೇ?

ಪ್ರಶ್ನೆ – ಹಾಸನದ ತಾಯಿ

ನಮ್ಮ ಐದು ತಿಂಗಳ ಮಗನಿಗೆ ನಾಲ್ಕು ದಿನಗಳಿಂದ ಜ್ವರವಿದೆ. ಪ್ಯಾರಾಸಿಟಮಾಲ್ ಹನಿ ಹಾಕಿದಾಗ ಸ್ವಲ್ಪ ಇಳಿದರೂ ಕೆಲವೇ ಗಂಟೆಗಳಲ್ಲಿ ಮತ್ತೆ 103 ಡಿಗ್ರಿಗೆ ಏರುತ್ತದೆ. ಆ್ಯಂಟಿಬಯಾಟಿಕ್ ಆರಂಭಿಸಿದ ಮೇಲೂ ಬದಲಾವಣೆ ಕಾಣಲಿಲ್ಲ. ಎರಡೂ ಕಣ್ಣು ಕೆಂಪಗಿವೆ, ಆದರೆ ಗೀಜು ಕಟ್ಟಿಲ್ಲ. ಎತ್ತಿಕೊಂಡರೂ ಹಾಲು ಕೊಟ್ಟರೂ ಸಮಾಧಾನವಾಗದೆ ಅಳುತ್ತಾನೆ. ಇಂದು ಅಂಗಿ ಬದಲಿಸುವಾಗ, ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿ (ಕ್ಷಯರೋಗ ತಡೆಯುವ) ಚುಚ್ಚುಮದ್ದಿನ ಗುರುತು ಕೆಂಪಾಗಿ ಉಬ್ಬಿರುವುದು ಕಂಡಿತು. ಅತ್ತೆಯವರು ಸೊಳ್ಳೆ ಕಚ್ಚಿರಬೇಕು ಎನ್ನುತ್ತಾರೆ. ಮೈಮೇಲೆ ಬೇರೆ ಗುಳ್ಳೆಗಳಿಲ್ಲ.

ಉತ್ತರ – ಮಕ್ಕಳ ವೈದ್ಯೆ, ಮೈಸೂರು

ದಯವಿಟ್ಟು ಇಂದೇ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಿ, ತೋಳಿನ ಗುರುತನ್ನು ನೀವಾಗಿಯೇ ತೋರಿಸಿರಿ. ಲಸಿಕೆ ಹಾಕಿದ ಕೆಲವು ವಾರಗಳಲ್ಲಿ ಅಲ್ಲಿ ಗುಳ್ಳೆ ಎದ್ದು ಮಾಗುವುದು ಸಹಜ. ಆದರೆ ಮಾಗಿ ಒಣಗಿದ ಗುರುತು ಜ್ವರದ ಜೊತೆಗೆ ಮತ್ತೆ ಕೆಂಪೇರಿದರೆ ಕವಾಸಕಿ ಕಾಯಿಲೆಯನ್ನು ನೆನಪಿಸಿಕೊಳ್ಳಲೇಬೇಕು. ಜಪಾನಿನ ಡಾ. ತೊಮಿಸಾಕು ಕವಾಸಕಿ 1967ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ರಕ್ತನಾಳಗಳ ಗೋಡೆಗಳೇ ಉರಿಯೂತಕ್ಕೆ ಒಳಗಾಗುತ್ತವೆ. ಶಿಶುಗಳಿಗೆಲ್ಲ ಬಿಸಿಜಿ ಹಾಕುವ ಜಪಾನಿನಲ್ಲಿ ಈ ಗುರುತಿನ ಕೆಂಪನ್ನು ರೋಗನಿರ್ಣಯದ ಲಕ್ಷಣಗಳಲ್ಲಿಯೇ ಸೇರಿಸಿದ್ದಾರೆ. ನಮ್ಮಲ್ಲಿಯೂ ಎಲ್ಲ ಮಕ್ಕಳಿಗೆ ಅದೇ ಲಸಿಕೆ ಹಾಕುವುದರಿಂದ ಇದು ನಮಗೂ ಬಹಳ ಉಪಯುಕ್ತ ಸುಳಿವು.

ಕಣ್ಣಿನ ಕೆಂಪು, ಒಡೆದ ತುಟಿ ಅಥವಾ ಕೆಂಪು ನಾಲಗೆ, ಮೈಮೇಲಿನ ದದ್ದು, ಕೈಕಾಲುಗಳ ಊತ, ಕುತ್ತಿಗೆಯ ಗಂಟು ಎಂಬ ಐದರಲ್ಲಿ ನಾಲ್ಕು ಲಕ್ಷಣಗಳು ಐದು ದಿನದ ಜ್ವರದೊಂದಿಗೆ ಕಂಡರೆ ರೋಗ ಸ್ಪಷ್ಟ. ಆರು ತಿಂಗಳೊಳಗಿನ ಶಿಶುಗಳಲ್ಲಿ ಮಾತ್ರ ಅವು ಪೂರ್ತಿಯಾಗಿ ಕಾಣಿಸಿಕೊಳ್ಳುವುದು ಕಡಿಮೆ, ಅಪಾಯವೋ ಅವರಿಗೇ ಹೆಚ್ಚು. ಆದ್ದರಿಂದ ಉಳಿದ ಲಕ್ಷಣಗಳು ಬರಲಿ ಎಂದು ಕಾಯುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು

ಮೇಡಂ, ರಕ್ತಪರೀಕ್ಷೆಯಿಂದ ಇದು ಖಚಿತವಾಗುತ್ತದೆಯೇ?

ಮಕ್ಕಳ ವೈದ್ಯೆ

ಇದನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ಸಿಆರ್‌ಪಿ, ಇಎಸ್‌ಆರ್ ಎಂಬ, ಉರಿಯೂತ ತೋರಿಸುವ ರಕ್ತದ ಅಳತೆಗಳು ಏರಿರುತ್ತವೆ. ಮೂತ್ರದಲ್ಲಿ ಕೀವುಕಣಗಳಿದ್ದರೂ ಕಲ್ಚರ್‌ನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯದಿರಬಹುದು, ಇದನ್ನು ಮೂತ್ರದ ಸೋಂಕೆಂದೇ ಭಾವಿಸುವ ಸಂಭವವಿದೆ. ಪ್ಲೇಟ್‌ಲೆಟ್ ಏರುವುದು ಸಾಮಾನ್ಯವಾಗಿ ಎರಡನೆಯ ವಾರದಲ್ಲಿ. ಹೃದಯದ ಎಕೋ (ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಬೇಕಾಗುತ್ತದೆ, ಆದರೆ ಮೊದಲ ವಾರದ ಎಕೋ ಸರಿಯಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಹೇಳಲಾಗದು. ಚಿಕಿತ್ಸೆ ಇಲ್ಲದಿದ್ದರೆ ಸುಮಾರು ನಾಲ್ವರಲ್ಲಿ ಒಂದು ಮಗುವಿಗೆ ಹೃದಯಕ್ಕೇ ರಕ್ತ ಒದಗಿಸುವ ಕೊರೊನರಿ ರಕ್ತನಾಳಗಳು ಹಾನಿಗೊಳ್ಳುತ್ತವೆ. ಜ್ವರ ಬಂದ ಹತ್ತು ದಿನಗಳೊಳಗೆ ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ಪಡೆದ ಪ್ರತಿಕಾಯಗಳು) ಡ್ರಿಪ್ ಕೊಟ್ಟರೆ ಆ ಅಪಾಯ ಬಹಳಷ್ಟು ತಗ್ಗುತ್ತದೆ.

ಉತ್ತರ – ಶಿವಮೊಗ್ಗದ ತಂದೆ

ನಮ್ಮ ಮಗಳಿಗೆ ಈ ಕಾಯಿಲೆ ಬಂದಾಗ ಬೆರಳ ತುದಿಯ ಸಿಪ್ಪೆ ಏಳುವುದಕ್ಕಿಂತ ಎಷ್ಟೋ ಮೊದಲು ಡೈಪರ್ ಕಟ್ಟುವ ಜಾಗದಲ್ಲಿ ಚರ್ಮ ಕೆಂಪಾಗಿ ಸುಲಿಯತೊಡಗಿತ್ತು. ತಂಗಿ, ಅದನ್ನೂ ಒಮ್ಮೆ ನೋಡಿಕೊಳ್ಳಿ. ಕಾಣಿಸಿದ ಲಕ್ಷಣಗಳು ಆಸ್ಪತ್ರೆ ತಲುಪುವಷ್ಟರಲ್ಲಿ ಮಾಸಬಹುದು. ಹಾಗಾಗಿ ಫೋಟೋ ತೆಗೆದು, ಜ್ವರ ಶುರುವಾದ ದಿನವನ್ನು ಬರೆದಿಡಿ. ಇಮ್ಯುನೊಗ್ಲೋಬ್ಯುಲಿನ್ ಕೊಟ್ಟರೆ ಅದನ್ನು ತಾಯಿ ಕಾರ್ಡಿನಲ್ಲಿ ದಿನಾಂಕ ಸಹಿತ ಬರೆಸಿಕೊಳ್ಳಿ, ಏಕೆಂದರೆ ಆ ಬಳಿಕ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ.