ಪಿಆರ್‌ಪಿಗೆ ರಕ್ತ ಕೊಡುವ ಮುನ್ನ ವ್ಯಾಯಾಮ ಮಾಡಬೇಕೆ? ಅನುಭವ ಉಳ್ಳವರು ತಿಳಿಸಿ

ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ:
ದೋಟಿಯಿಂದ ಅಡಿಕೆ ಕೊನೆ ಇಳಿಸಿ ಇಳಿಸಿ ಬಲ ಮೊಣಕೈಯ ಹೊರಬದಿ ನೋಯುತ್ತಿದ್ದು, ಈಗ ತುಂಬಿದ ಕೊಡ ಎತ್ತುವುದೂ ಕಷ್ಟವಾಗಿದೆ. ಟೆನ್ನಿಸ್ ಎಲ್ಬೋ ಎಂದು ಗುರುತಿಸಿದ ಶಿವಮೊಗ್ಗದ ಮೂಳೆ ವೈದ್ಯರು, ನನ್ನದೇ ರಕ್ತದಿಂದ ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾವನ್ನು, ಅಂದರೆ ಪಿಆರ್‌ಪಿಯನ್ನು, ಬೇರ್ಪಡಿಸಿ ಅಲ್ಲಿಗೆ ಚುಚ್ಚುವ ಸಲಹೆ ಕೊಟ್ಟಿದ್ದಾರೆ. ರಕ್ತ ತೆಗೆಯುವ ಮುನ್ನ ಚೆನ್ನಾಗಿ ಓಡಿದರೆ ಪಿಆರ್‌ಪಿಯ ಗುಣ ಹೆಚ್ಚುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಇದು ನಿಜವೇ? ಬಲ್ಲವರು ದಯವಿಟ್ಟು ತಿಳಿಸಿ.

ಶಿವಮೊಗ್ಗದ ಪ್ರಯೋಗಾಲಯ ತಂತ್ರಜ್ಞೆ:
ನಮಸ್ಕಾರ ಸರ್. ಪಿಆರ್‌ಪಿ ತಯಾರಿಸುವುದು ನನ್ನ ಕೆಲಸದ ಒಂದು ಭಾಗವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಪರಿಚಿತರ ಮಾತಿನಲ್ಲಿ ಹುರುಳಿದೆ. ಆರೋಗ್ಯವಂತರ ರಕ್ತದಲ್ಲಿ ಪ್ರತಿ ಮೈಕ್ರೋಲೀಟರಿಗೆ 1.5 ಲಕ್ಷದಿಂದ 4.5 ಲಕ್ಷದವರೆಗೆ ಪ್ಲೇಟ್‌ಲೆಟ್‌ಗಳು ಓಡಾಡುತ್ತಿರುತ್ತವೆ. ಇದಲ್ಲದೆ ದೇಹದ ಒಟ್ಟು ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕಣಜದಲ್ಲಿಟ್ಟ ಕಾಳಿನಂತೆ ಗುಲ್ಮದಲ್ಲಿ (ಸ್ಪ್ಲೀನ್) ತಂಗಿರುತ್ತದೆ. ಏದುಸಿರು ಬರುವಷ್ಟು ವ್ಯಾಯಾಮ ಮಾಡಿದಾಗ ಅಡ್ರಿನಲಿನ್ ಏರಿ ಗುಲ್ಮ ಕುಗ್ಗುತ್ತದೆ, ಆ ದಾಸ್ತಾನಿನಲ್ಲಿ ಒಂದಿಷ್ಟು ರಕ್ತಕ್ಕೆ ಬಂದು ಸೇರುತ್ತದೆ. ಅದೇ ಹೊತ್ತಿಗೆ ರಕ್ತದ ನೀರಿನಂಶ ಸ್ನಾಯುಗಳತ್ತ ಸರಿಯುವುದರಿಂದ ಉಳಿದ ರಕ್ತವೂ ತುಸು ಗಟ್ಟಿಯಾಗುತ್ತದೆ. 2019ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ, 20 ನಿಮಿಷದ ಬಿರುಸಿನ ವ್ಯಾಯಾಮದ ನಂತರ ತೆಗೆದ ರಕ್ತದಿಂದ ತಯಾರಿಸಿದ ಪಿಆರ್‌ಪಿಯಲ್ಲಿ ಪ್ಲೇಟ್‌ಲೆಟ್‌ಗಳೂ ರಕ್ತದ ಆಕರಕೋಶಗಳೂ (ಸ್ಟೆಮ್ ಸೆಲ್) ಹೆಚ್ಚಿದ್ದವು.

ಆದರೆ ವ್ಯಾಯಾಮದಿಂದ ಬಿಳಿ ರಕ್ತಕಣಗಳೂ ಏರುತ್ತವೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ರಕ್ತವನ್ನು ವೇಗವಾಗಿ ತಿರುಗಿಸಿ ಪದರಗಳಾಗಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರದಿಂದ ಹೊರತೆಗೆದ ಕೊಳವೆಯಲ್ಲಿ ಕೆಳಗೆ ಕಡುಗೆಂಪು ಕಣಗಳು, ಮೇಲೆ ತಿಳಿಹಳದಿ ಪ್ಲಾಸ್ಮಾ, ಇವೆರಡರ ನಡುವೆ ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವ ಬೂದುಬಿಳಿ ಬಣ್ಣದ ತೆಳುಪದರ ಇರುತ್ತದೆ. ಬಿಳಿಕಣಗಳು ಸೇರುವುದು ಆ ಪದರದಲ್ಲಿ. ನಾವು ಸೂಜಿಯ ತುದಿಯನ್ನು ಅದಕ್ಕಿಂತ ತುಸು ಮೇಲೆಯೇ ನಿಲ್ಲಿಸಿ ಪ್ಲಾಸ್ಮಾ ಎಳೆದರೆ ಬಿಳಿಕಣ ಕಡಿಮೆಯ ಪಿಆರ್‌ಪಿ ಸಿಗುತ್ತದೆ. ಪದರವನ್ನೂ ಸೇರಿಸಿ ಎಳೆದರೆ ಪ್ಲೇಟ್‌ಲೆಟ್ ಜೊತೆಗೆ ಬಿಳಿಕಣಗಳೂ ತುಂಬಿಬರುತ್ತವೆ, ಚುಚ್ಚಿದ ಮೇಲೆ ನೋವು ಮತ್ತು ಊತ ಹೆಚ್ಚಿರುವ ಸಂಭವವೂ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಓಟಕ್ಕಿಂತ ಈ ಕೈಚಳಕವೂ ಯಂತ್ರದ ವೇಗವೂ ಪಿಆರ್‌ಪಿಯ ಸ್ವರೂಪವನ್ನು ಹೆಚ್ಚಾಗಿ ನಿರ್ಧರಿಸುತ್ತವೆ. ಆದ್ದರಿಂದ ಯಾವ ಬಗೆಯ ಪಿಆರ್‌ಪಿ ಕೊಡುತ್ತಾರೆ, ತಯಾರಾದ ಮೇಲೆ ಪ್ಲೇಟ್‌ಲೆಟ್ ಎಣಿಸುತ್ತಾರೆಯೇ ಎಂದು ಮೊದಲು ಕೇಳಿ.

ತೀರ್ಥಹಳ್ಳಿಯ ದೈಹಿಕ ಶಿಕ್ಷಕ:
ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋವಿಗೆ ನಾನು ಇದನ್ನು ಮಾಡಿಸಿಕೊಂಡಿದ್ದೇನೆ. ಆಸ್ಪತ್ರೆಯಲ್ಲೇ ಇದ್ದ ನಿಂತ ಸೈಕಲ್ಲನ್ನು, ಮಂಡಿಗೆ ನೋವಾಗದ ಮಟ್ಟಿಗೆ, ಬೆವರು ಬರುವವರೆಗೆ ತುಳಿಸಿ ತಕ್ಷಣ ರಕ್ತ ತೆಗೆದರು. ಎದೆ ಇನ್ನೂ ಹೊಡೆದುಕೊಳ್ಳುತ್ತಿರುವಾಗ ಕುರ್ಚಿಯಲ್ಲಿ ಕುಳಿತು ರಕ್ತ ಕೊಟ್ಟಿದ್ದರಿಂದ ಕಣ್ಣು ಕತ್ತಲೆ ಬಂದಂತಾಯಿತು, ಆಮೇಲೆ ಮಲಗಿಸಿ ಮುಂದುವರಿಸಿದರು. ನೀವು ಮೊದಲೇ ಮಲಗಿಕೊಳ್ಳುತ್ತೇನೆ ಎಂದು ಹೇಳಿಬಿಡಿ. ಕೆಲವು ತಿಂಗಳಲ್ಲಿ ನನ್ನ ನೋವು ಬಹುಪಾಲು ಇಳಿಯಿತು, ಆದರೆ ಅದರ ಶ್ರೇಯಸ್ಸನ್ನು ಸೈಕಲ್ಲಿಗೆ ಕೊಡಲು ನನಗೆ ಧೈರ್ಯವಿಲ್ಲ, ಏಕೆಂದರೆ ಆ ಅವಧಿಯಲ್ಲಿ ಫಿಸಿಯೋಥೆರಪಿಯನ್ನೂ ತಪ್ಪದೆ ಮಾಡಿದ್ದೇನೆ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರ ಅನುಮತಿಯಿಲ್ಲದೆ ಇಂಥ ಬಿರುಸಿನ ವ್ಯಾಯಾಮಕ್ಕೆ ಇಳಿಯಬಾರದು.

ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ:
ತುಂಬಾ ಉಪಕಾರವಾಯಿತು. ಬೆಳಿಗ್ಗೆ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಬರಲು ನಾನು ಹೇಗೂ ಒಂದು ಗುಡ್ಡ ಹತ್ತಿ ಇಳಿಯಬೇಕು. ಮೇಡಂ, ಅದನ್ನೇ ಬಿರುಸಾಗಿ ನಡೆದರೆ ಸಾಲದೇ?

ಶಿವಮೊಗ್ಗದ ಪ್ರಯೋಗಾಲಯ ತಂತ್ರಜ್ಞೆ:
ಸಾಲದು ಸರ್. ಏರಿದ ಪ್ಲೇಟ್‌ಲೆಟ್‌ಗಳು ವಿಶ್ರಾಂತಿಯಲ್ಲಿ ಬೇಗನೆ ಮೊದಲಿನ ಮಟ್ಟಕ್ಕೆ ಇಳಿಯುತ್ತವೆ. ನೀವು ಬಸ್ಸಿನಲ್ಲಿ ಕುಳಿತು ಶಿವಮೊಗ್ಗ ತಲುಪಿ, ಚೀಟಿ ಮಾಡಿಸಿ, ಸರದಿಯಲ್ಲಿ ಕಾಯುವಷ್ಟರಲ್ಲಿ ಆ ಲಾಭ ಕರಗಿರುತ್ತದೆ. ಇದಕ್ಕೆ ವಿರುದ್ಧವಾಗಿ, ದೀರ್ಘವಾದ ಕಠಿಣ ಶ್ರಮದ ನಂತರ ಬಿಳಿಕಣಗಳಲ್ಲಿ ಒಂದು ಬಗೆಯವು ಕೆಲವು ಗಂಟೆಗಳ ಕಾಲ ಏರಿದ ಮಟ್ಟದಲ್ಲೇ ಉಳಿಯುತ್ತವೆ. ಹಾಗಾಗಿ ಬೆಳಿಗ್ಗೆ ತೋಟದಲ್ಲಿ ಮೈಮುರಿದು ದುಡಿದು ಮಧ್ಯಾಹ್ನ ರಕ್ತ ಕೊಟ್ಟರೆ ಬೇಕಾದದ್ದು ಇಳಿದು, ಬೇಡವಾದದ್ದು ಉಳಿದಿರುವ ಸಾಧ್ಯತೆಯಿದೆ. ವ್ಯಾಯಾಮ ಮಾಡುವುದಾದರೆ ಆಸ್ಪತ್ರೆಯಲ್ಲೇ, ರಕ್ತ ತೆಗೆಯುವವರು ಸಿದ್ಧರಾಗಿ ನಿಂತಿರುವಾಗ ಮಾಡಬೇಕು. ಹಿಂದಿನ ರಾತ್ರಿ ಎಣ್ಣೆ, ತುಪ್ಪದ ಭಾರಿ ಊಟ ಬೇಡ, ಪ್ಲಾಸ್ಮಾ ಹಾಲಿನಂತೆ ಕದಡುತ್ತದೆ. ನೀರು ಚೆನ್ನಾಗಿ ಕುಡಿದು ಬನ್ನಿ.

ಸೊರಬ ಕಡೆಯ ಆರೋಗ್ಯ ಕಾರ್ಯಕರ್ತೆ:
ಅಣ್ಣ, ಇತ್ತೀಚೆಗೆ ನಿಮಗೆ ಡೆಂಗಿ ಅಥವಾ ಮಂಗನ ಕಾಯಿಲೆ ಬಂದಿತ್ತೇ? 1957ರಲ್ಲಿ ನಮ್ಮ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಆ ಕಾಯಿಲೆಯಲ್ಲೂ ಡೆಂಗಿಯಂತೆಯೇ ಪ್ಲೇಟ್‌ಲೆಟ್ ಕುಸಿಯುತ್ತದೆ. ಕಾಡಂಚಿನ ತೋಟಗಳಲ್ಲಿ ಕೆಲಸ ಮಾಡುವವರು ಜ್ವರ ಬಿಟ್ಟ ಮೇಲೂ ರಕ್ತಪರೀಕ್ಷೆ ಮಾಡಿಸಿ, ಸಂಖ್ಯೆ ಸರಿಯಾಗಿದೆ ಎಂದು ಖಚಿತಪಡಿಸಿಕೊಂಡೇ ಪಿಆರ್‌ಪಿಯ ಬಗ್ಗೆ ಯೋಚಿಸಬೇಕು.

ಸಾಗರದ ಫಿಸಿಯೋಥೆರಪಿಸ್ಟ್:
ಮೇಲಿನವರು ಹೇಳಿದ್ದೆಲ್ಲವೂ ಕೊಳವೆಯೊಳಗಿನ ಬದಲಾವಣೆಯ ಮಾತು. ಪ್ಲೇಟ್‌ಲೆಟ್ ಹೆಚ್ಚಿದ ಮಾತ್ರಕ್ಕೆ ಮೊಣಕೈ ಬೇಗ ವಾಸಿಯಾಗುತ್ತದೆ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಮಂಡಿಯ ಸವೆತಕ್ಕೆ ಸಂಬಂಧಿಸಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಿಆರ್‌ಪಿಗೂ ಬರಿಯ ಉಪ್ಪುನೀರಿನ ಚುಚ್ಚುಮದ್ದಿಗೂ ಒಂದು ವರ್ಷದ ನಂತರ ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಂಡಿಯೇ ಬೇರೆ, ಮೊಣಕೈಯೇ ಬೇರೆ ಎಂಬುದು ನಿಜ. ಆದರೂ ಹಣ ಕಟ್ಟುವ ಮುನ್ನ ಇದು ನಿಮಗೆ ತಿಳಿದಿರಬೇಕು. ವ್ಯಾಯಾಮಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ನೋವಿನ ಮಾತ್ರೆಯದು. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ 7ರಿಂದ 10 ದಿನದ ಆಯುಷ್ಯ ಮುಗಿಯುವವರೆಗೂ ಸರಿಹೋಗುವುದಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳೂ ಅದರ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಬಾರದು. ಉಳಿದವರು ಯಾವ ಮಾತ್ರೆಯನ್ನು ಎಷ್ಟು ದಿನ ಬಿಡಬೇಕೆಂದು ವೈದ್ಯರಿಂದ ಬರೆಸಿಕೊಳ್ಳಲಿ. ನಿಮ್ಮ ಕೊಯ್ಲು ಮುಗಿದ ಮೇಲೆಯೇ ದಿನ ಗೊತ್ತುಮಾಡಿಕೊಳ್ಳಿ, ಏಕೆಂದರೆ ಚುಚ್ಚಿಸಿಕೊಂಡ ವಾರದಲ್ಲೇ ದೋಟಿ ಹಿಡಿದರೆ ಯಾವ ಪಿಆರ್‌ಪಿಯೂ ಉಪಯೋಗಕ್ಕೆ ಬರುವುದಿಲ್ಲ. ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ನಿಮ್ಮ ಊರಿಗೆ ಹತ್ತಿರದ ಫಿಸಿಯೋಥೆರಪಿಸ್ಟ್ ಬಳಿ ಈಗಲೇ ಕಲಿತುಕೊಳ್ಳಿ. ಚುಚ್ಚುಮದ್ದು ತೆಗೆದುಕೊಂಡರೂ ಬಿಟ್ಟರೂ ಅದು ಬೇಕೇ ಬೇಕು.