ಅಪ್‌ಡೇಟ್: ವೀಣೆಯ ಅಭ್ಯಾಸ, ಮೂರು ತಿಂಗಳ ನಂತರ

ಕರ್ನಾಟಕ ಸಂಗೀತದ ಉನ್ನತ ಹಂತವಾದ ವಿದ್ವತ್ ಪರೀಕ್ಷೆಗಾಗಿ ದಿನಕ್ಕೆ 6 ಗಂಟೆ ವೀಣೆ ನುಡಿಸಿಯೂ ತೃಪ್ತಿಯಿಲ್ಲ, ಎಡಗೈ ಮಣಿಕಟ್ಟು ನೋಯುತ್ತಿದೆ, ವಾದ್ಯವನ್ನು ಕಂಡರೇ ಭಯವಾಗುತ್ತಿದೆ ಎಂದು ಮೂರು ತಿಂಗಳ ಹಿಂದೆ ಬರೆದು ಸಲಹೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ನಾನು ಋಣಿ.

ತಪ್ಪಿದ ಕೂಡಲೇ ಮೊದಲಿನಿಂದ ಆರಂಭಿಸುತ್ತೀರಾ ಎಂದು ಒಬ್ಬರು ಕೇಳಿದ್ದರು. ನನ್ನ ರೂಢಿ ಅದೇ ಆಗಿತ್ತು. ಭೈರವಿ ರಾಗದ ಅಟತಾಳ ವರ್ಣ ಎಂಬ ರಚನೆಯಲ್ಲಿ ಒಂದು ಗಮಕ (ಸ್ವರದ ಓಲಾಟ) ಮಸುಕಾದರೂ ಆರಂಭದ ಪಲ್ಲವಿಗೆ ಮರಳುತ್ತಿದ್ದುದರಿಂದ ಪಲ್ಲವಿ ನೂರಾರು ಬಾರಿ ನುಡಿದಿತ್ತೇ ಹೊರತು, ಚರಣದ ಕೊನೆಯ ಸ್ವರಗಳಿಗೆ ಕೈ ಕೂಡಿರಲೇ ಇಲ್ಲ. ಈಗ ತಪ್ಪಿದ ಆವರ್ತದ, ಅಂದರೆ ತಾಳದ ಒಂದು ಸುತ್ತಿನ, 14 ಅಕ್ಷರಗಳನ್ನಷ್ಟೇ (ಎಣಿಕೆಗಳನ್ನಷ್ಟೇ) ನಿಧಾನವಾಗಿ ನಾಲ್ಕೈದು ಸಲ ನುಡಿಸಿ ಮುಂದೆ ಸಾಗುತ್ತೇನೆ. 40 ನಿಮಿಷಕ್ಕೊಮ್ಮೆ ವೀಣೆಯನ್ನು ಕೆಳಗಿಡುತ್ತೇನೆ. ನೋವು ಬಹಳ ಕಡಿಮೆಯಾಗಿದೆ. ಒಂದು ವಾರ ಪೂರ್ತಿ ಬಿಡುವು ತೆಗೆದುಕೊಳ್ಳಿ ಎಂಬ ಸಲಹೆ ಮಾತ್ರ ನನಗೆ ಒಗ್ಗಲಿಲ್ಲ, ಆತಂಕವೇ ಹೆಚ್ಚಾಯಿತು.

ಗುರುಗಳ ಬಳಿಯೂ ಸಂಕೋಚ ಬಿಟ್ಟು ಹೇಳಿಕೊಂಡೆ. "ಶ್ರುತಿಯಲ್ಲೂ ತಾಳದಲ್ಲೂ ರಿಯಾಯಿತಿ ಬೇಡ. ಭೈರವಿಯಲ್ಲಿ ಸ್ವರ ಏರುವ ಆರೋಹಣದಲ್ಲಿ ಮೇಲಿನ ಧೈವತವಾದ ಚತುಶ್ರುತಿ ಧೈವತ, ಇಳಿಯುವ ಅವರೋಹಣದಲ್ಲಿ ಕೆಳಗಿನ ಶುದ್ಧ ಧೈವತ ಸ್ಪಷ್ಟವಾಗಿ ಕೇಳಿಸಲಿ. ಆದರೆ ನಿನ್ನ ಗಮಕ ನನ್ನದರ ಪಡಿಯಚ್ಚಾಗಬೇಕಿಲ್ಲಮ್ಮ" ಎಂದರು. ಯಾವುದನ್ನು ಬಿಡಬಾರದು, ಯಾವುದನ್ನು ಬಿಡಬಹುದು ಎಂಬ ಈ ಗೆರೆ ನನಗೆ ಇಷ್ಟು ವರ್ಷ ಕಂಡಿರಲಿಲ್ಲ.

ಪರೀಕ್ಷೆ ಮುಗಿದಿದೆ, ಫಲಿತಾಂಶ ಬಂದಿಲ್ಲ. ಕಳೆದ ಭಾನುವಾರ ಅಮ್ಮನ ಮುಂದೆ ಅದೇ ವರ್ಣ ನುಡಿಸುವಾಗ ಎರಡನೆಯ ಕಾಲದಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ, ಒಂದೆಡೆ ಬೆರಳು ಜಾರಿತು. ನಿಲ್ಲಿಸದೆ ಕೊನೆಯವರೆಗೂ ನುಡಿಸಿದೆ.